ಅನ್ನ ಬಿಡಬೇಡಿ, ತಟ್ಟೆಯ ಲೆಕ್ಕ ಬದಲಿಸಿ: ಮನೆ ಊಟ, ನಡಿಗೆ, ಬಸ್ಕಿಯ 12 ವಾರಗಳ ಮಾರ್ಗದರ್ಶಿ

ಹೆಲ್ತ್ ಚೆಕಪ್ ರಿಪೋರ್ಟ್ ಕೈಗೆ ಬಂದ ದಿನ ಬಹಳ ಮನೆಗಳಲ್ಲಿ ಒಂದೇ ತೀರ್ಮಾನ ಆಗುತ್ತದೆ: ನಾಳೆಯಿಂದ ಅನ್ನ ಬಂದ್. ಸಂಜೆಗೆ ಓಟ್ಸ್ ಪ್ಯಾಕೆಟ್ ಬರುತ್ತದೆ, ಚಿಯಾ ಬೀಜ ಬರುತ್ತದೆ, ಜಿಮ್‌ಗೆ ವರ್ಷದ ಫೀಸು ಕಟ್ಟಿಯೂ ಆಗುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಓಟ್ಸ್‌ಗೆ ಹುಳ ಹಿಡಿದಿರುತ್ತದೆ, ಮನೆಯವರೆಲ್ಲ ಮತ್ತೆ ಅನ್ನ-ಸಾರಿಗೆ ಕೂತಿರುತ್ತಾರೆ.

ಅನ್ನ, ಮುದ್ದೆ, ರೊಟ್ಟಿ ಯಾವುದೂ ವಿಷವಲ್ಲ. ತಟ್ಟೆಯಲ್ಲಿ ಅವಕ್ಕೆ ಸಿಗುತ್ತಿರುವ ಜಾಗ ಜಾಸ್ತಿ ಆಗಿದೆ, ಅಷ್ಟೇ. ಸಕ್ಕರೆ ಕಾಯಿಲೆ ಬಗ್ಗೆ ದೇಶದುದ್ದಕ್ಕೂ ನಡೆದ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು 62% ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಿದೆ. ಇದೇ ಅಧ್ಯಯನದ 2023ರ ವರದಿಯಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನರು ಅದರ ಹೊಸ್ತಿಲಲ್ಲಿ ಎಂದಿತ್ತು. ಹೊಸ್ತಿಲಲ್ಲಿ ಇರುವವರಿಗೆ ಈ ಬರಹ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊಟ್ಟೆ ಮುಂದೆ ಬಂದಿದೆ, ಮೆಟ್ಟಿಲು ಹತ್ತಿದರೆ ಏದುಸಿರು, ಆದರೆ ಇನ್ನೂ ಮಾತ್ರೆ ಶುರುವಾಗಿಲ್ಲ ಅನ್ನುವವರಿಗೆ.

ಈಗಾಗಲೇ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಊಟ ಕಡಿಮೆ ಮಾಡಿ ವ್ಯಾಯಾಮ ಜಾಸ್ತಿ ಮಾಡಿದಾಗ ಅದೇ ಡೋಸ್‌ಗೆ ಸಕ್ಕರೆ ತೀರಾ ಕೆಳಗೆ ಇಳಿದುಬಿಡಬಹುದು.

ಹಂತ 1: ತೂಕಕ್ಕಿಂತ ಮೊದಲು ಸೊಂಟ ಅಳೆಯಿರಿ

ಟೈಲರ್ ಟೇಪು ಸಾಕು. ಬರಿಗಾಲಲ್ಲಿ ನಿಂತು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವಿನ ಜಾಗ ಹುಡುಕಿ. ಟೇಪು ಅಲ್ಲಿ ಸುತ್ತಬೇಕು, ಪ್ಯಾಂಟ್ ಕಟ್ಟುವ ಜಾಗದಲ್ಲಲ್ಲ. ಬಹಳ ಗಂಡಸರು ಹೊಟ್ಟೆಯ ಕೆಳಗೆ ಬೆಲ್ಟ್ ಕಟ್ಟಿಕೊಂಡು ‘ನನ್ನ ಸೈಜ್ ಈಗಲೂ 34’ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟಾಗ ಬರುವ ಅಳತೆಯನ್ನು ಬರೆದಿಡಿ.

ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಿಕೆ ಬೇಕು. ಇನ್ನೊಂದು ಸುಲಭ ಲೆಕ್ಕವಿದೆ: ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ ನೋಡುವವರು ಒಂದು ವಿಷಯ ಗಮನಿಸಿ. ಇಂಟರ್‌ನೆಟ್‌ನಲ್ಲಿ ಸಿಗುವ ಪಟ್ಟಿಗಳಲ್ಲಿ 25ರವರೆಗೆ ಹಸಿರು ಬಣ್ಣ ಇರುತ್ತದೆ. ನಮ್ಮವರಿಗೆ 23 ದಾಟಿದರೇ ಅಧಿಕ ತೂಕ, 25ಕ್ಕೆ ಬೊಜ್ಜು ಎಂದು ಲೆಕ್ಕ. ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಳ್ಳುವುದು ನಮ್ಮಲ್ಲಿ ಜಾಸ್ತಿ.

ಜೊತೆಗೆ ಬಿಪಿ ಮತ್ತು ರಕ್ತದ ಸಕ್ಕರೆ ನೋಡಿಸಿ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವೆರಡನ್ನೂ ತಪಾಸಣೆ ಮಾಡುತ್ತಾರೆ. ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) 5.7%ಕ್ಕಿಂತ ಕಡಿಮೆ ಇದ್ದರೆ ನಿರಾಳ. 5.7ರಿಂದ 6.4 ಹೊಸ್ತಿಲು. 6.5 ಮತ್ತು ಮೇಲೆ ಬಂದರೆ ವೈದ್ಯರ ಬಳಿ ಹೋಗಲೇಬೇಕು. ಖಾಲಿ ಹೊಟ್ಟೆಯ ಸಕ್ಕರೆಗೆ ಇದೇ ಗಡಿಗಳು 100 ಮತ್ತು 126 (ಮಿಲಿಗ್ರಾಂ/ಡೆಸಿಲೀಟರ್).

ಹಂತ 2: ಒಂದು ವಾರ ಊಟ ಬದಲಿಸಬೇಡಿ, ಅಡುಗೆಮನೆ ನೋಡಿ

ಈ ವಾರ ಉಪವಾಸವಿಲ್ಲ, ಶಪಥವಿಲ್ಲ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಆಯಿತು. ಅಂದರೆ ಒಂದು ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್, ಹೋಟೆಲ್ ಸಾಂಬಾರಿನ ಉಪ್ಪು ಈ ಲೆಕ್ಕದಲ್ಲಿ ಬಂದೇ ಇಲ್ಲ. ಹಾಗಾಗಿ ಎರಡು ತಿಂಗಳು ಬಂದರೆ ಇನ್ನೂ ಒಳ್ಳೆಯದು.

ಎಣ್ಣೆಗೂ ಇದೇ ಉಪಾಯ. ನಾಲ್ಕು ಜನರಿಗೆ ತಿಂಗಳಿಗೆ ಎರಡೂವರೆ ಲೀಟರ್ ಖರ್ಚಾದರೆ ಒಬ್ಬರಿಗೆ ದಿನಕ್ಕೆ ಸುಮಾರು 19 ಗ್ರಾಂ. ಅದು ಪರವಾಗಿಲ್ಲ. ಐದು ಲೀಟರ್ ಡಬ್ಬ ತಿಂಗಳಿಗೇ ಖಾಲಿಯಾಗುತ್ತಿದ್ದರೆ ಯಾವ ಎಣ್ಣೆ ಒಳ್ಳೆಯದು ಎಂಬ ಚರ್ಚೆ ಆಮೇಲೆ ಇಟ್ಟುಕೊಳ್ಳೋಣ. ಗಾಣದ ಎಣ್ಣೆಯಾದರೂ ಒಂದು ಟೀ ಚಮಚಕ್ಕೆ 45 ಕ್ಯಾಲೊರಿಯೇ.

ಇನ್ನು ಕಾಫಿ, ಟೀ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 32ರಿಂದ 40 ಗ್ರಾಂ. ದಿನವಿಡೀ ತಿನ್ನುವ ಎಲ್ಲದರಿಂದ ಸೇರಿ 25 ಗ್ರಾಂ ಒಳಗೆ ಇರಲಿ ಅನ್ನುವುದು ಸಲಹೆ. ಬಿಸ್ಕೆಟ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬೆಲ್ಲಕ್ಕೆ ಬದಲಾಯಿಸಿದರೆ ಆಯಿತಲ್ವಾ ಎಂದು ಕೇಳುವವರು ಬಹಳ. ಬೆಲ್ಲದಲ್ಲೂ ಇರುವುದು ಹೆಚ್ಚುಪಾಲು ಸಕ್ಕರೆಯೇ. ರುಚಿಗೆ ಬೇಕಾದರೆ ಹಾಕಿಕೊಳ್ಳಿ, ಔಷಧಿ ಎಂದು ಹಾಕಿಕೊಳ್ಳಬೇಡಿ. ವಾರಕ್ಕೆ ಅರ್ಧ ಚಮಚ ಕಡಿಮೆ ಮಾಡುತ್ತಾ ಹೋದರೆ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಆಫೀಸಿನಲ್ಲಿ ಬೈಟು ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಮುಂದುವರಿಸಿ. ಹರಟೆ ಪೂರ್ತಿ ಸಿಗುತ್ತದೆ, ಸಕ್ಕರೆ ಅರ್ಧ.

ಹಂತ 3: ತಟ್ಟೆಯಲ್ಲಿ ಜಾಗ ಹಂಚುವುದು

ಮಧ್ಯಾಹ್ನದ ತಟ್ಟೆಯನ್ನು ಕಣ್ಣಲ್ಲೇ ಎರಡು ಭಾಗ ಮಾಡಿ. ಅರ್ಧ ಭಾಗ ತರಕಾರಿ ಮತ್ತು ಸೊಪ್ಪಿಗೆ. ಉಳಿದ ಅರ್ಧದಲ್ಲಿ ಒಂದು ಪಾಲು ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿಗೆ. ಕೊನೆಯ ಪಾಲು ಅನ್ನ, ಮುದ್ದೆ, ಚಪಾತಿ ಅಥವಾ ರೊಟ್ಟಿಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದೇ ದಿಕ್ಕಿನಲ್ಲಿದೆ. ಧಾನ್ಯಗಳಿಂದ ಬರುವ ಕ್ಯಾಲೊರಿ 45% ಮೀರಬಾರದು, ದಿನಕ್ಕೆ ತರಕಾರಿ ಮತ್ತು ಹಣ್ಣು ಸೇರಿ ಸುಮಾರು ಅರ್ಧ ಕಿಲೋ ಬೇಕು ಎನ್ನುತ್ತದೆ ಅದು.

ಅರ್ಧ ಕಿಲೋ ಅಂದರೆ ಗಾಬರಿಯಾಗುತ್ತದೆ. ನಾಲ್ಕು ಜನಕ್ಕೆ ಕಾಲು ಕಿಲೋ ಹುರುಳಿಕಾಯಿ ಪಲ್ಯ ಮಾಡಿ, ಒಬ್ಬೊಬ್ಬರಿಗೆ ಎರಡೆರಡು ಚಮಚ ಬಡಿಸುವುದು ನಮಗೆ ರೂಢಿ. ಪಲ್ಯ ನೆಂಚಿಕೊಳ್ಳಲು ಎಂದುಕೊಂಡಿದ್ದೇವೆ. ಅದನ್ನು ಊಟ ಎಂದುಕೊಳ್ಳಬೇಕು, ಅನ್ನವನ್ನು ಅದಕ್ಕೆ ನೆಂಚಿಕೊಳ್ಳಬೇಕು. ಪಲ್ಯವನ್ನು ದುಪ್ಪಟ್ಟು ಮಾಡಿ, ಒಗ್ಗರಣೆ ಎಣ್ಣೆ ಮೊದಲಿನಷ್ಟೇ ಇರಲಿ.

ಇದಕ್ಕೆ ಹೊಸ ಅಡುಗೆ ಕಲಿಯುವ ಅಗತ್ಯವೇ ಇಲ್ಲ. ಹಳೇ ಮೈಸೂರು ಕಡೆಯ ಬಸ್ಸಾರು ನೋಡಿ. ಸೊಪ್ಪು ಮತ್ತು ಕಾಳು ಒಟ್ಟಿಗೆ ಬೇಯಿಸಿ, ಬಸಿದ ನೀರಿಗೆ ಸಾರು, ಬೆಂದದ್ದಕ್ಕೆ ಪಲ್ಯ. ತಟ್ಟೆಯ ಮುಕ್ಕಾಲು ಭಾಗ ಒಂದೇ ಪಾತ್ರೆಯಿಂದ ಬಂತು. ಉತ್ತರ ಕರ್ನಾಟಕದ ಜೋಳದ ರೊಟ್ಟಿ ಊಟದಲ್ಲಿ ಮೊಳಕೆ ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಸವತೆಕಾಯಿ, ಮೂಲಂಗಿ, ಮೊಸರು ಎಲ್ಲ ಇರುತ್ತದೆ. ಅಲ್ಲಿ ಕೈ ಹಿಡಿಯಬೇಕಾದ್ದು ಎಣ್ಣೆಗಾಯಿಯ ಎಣ್ಣೆಗೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದೆ. ಒಳ್ಳೆಯ ಪ್ರೋಟೀನ್, ಒಳ್ಳೆಯ ಕೊಬ್ಬು ಎರಡೂ ಅದರಲ್ಲಿವೆ. ತವಾ ಫ್ರೈ ದಿನಾ ಬೇಡ, ಪುಳಿಮುಂಚಿ ಸಾಕು.

ಮುದ್ದೆಯ ಬಗ್ಗೆ ಒಂದು ಮಾತು. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇದೆ, ಬೇರೆ ಧಾನ್ಯಗಳಿಗೆ ಅದರ ಹತ್ತಿರ ಬರಲೂ ಆಗುವುದಿಲ್ಲ. ನಾರೂ ಚೆನ್ನಾಗಿದೆ. ಆದರೆ ಅದೇ 100 ಗ್ರಾಂನಲ್ಲಿ ಹತ್ತಿರ ಹತ್ತಿರ 70 ಗ್ರಾಂ ಕಾರ್ಬೋಹೈಡ್ರೇಟ್ ಕೂಡ ಇದೆ. ‘ಶುಗರ್ ಇದೆ, ಅದಕ್ಕೇ ಎರಡು ಮುದ್ದೆ’ ಅನ್ನುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಹಿಟ್ಟು ತಿಂದವರು ದಿನವಿಡೀ ಹೊಲದಲ್ಲಿ ಬಗ್ಗಿ ದುಡಿಯುತ್ತಿದ್ದರು. ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಮುಷ್ಟಿಯಷ್ಟು ಗಾತ್ರದ ಒಂದು ಮುದ್ದೆ ಸಾಕು. ನುಣ್ಣಗೆ ಬೀಸಿದ ಹಿಟ್ಟಿನ ರಾಗಿ ಗಂಜಿ, ಅದಕ್ಕೆ ಬೆಲ್ಲ ಬೇರೆ ಸೇರಿದರೆ, ಸಕ್ಕರೆಯನ್ನು ಬೇಗ ಏರಿಸುತ್ತದೆ.

ತಿನ್ನುವ ಕ್ರಮವೂ ಮುಖ್ಯ. ತರಕಾರಿ, ಕಾಳು ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಮದುವೆ ಮನೆಯ ಬಾಳೆಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಂದು ಕೂರುತ್ತವೆ, ಅನ್ನದ ಬಕೆಟ್ ಬರುವುದು ತಡವಾಗಿ. ನಾವು ಎಲೆ ನೋಡಿಕೊಂಡು ಸುಮ್ನೆ ಕಾಯುತ್ತೇವೆ. ಕಾಯಬೇಡಿ, ಕೋಸಂಬರಿ ತಿನ್ನಲು ಶುರುಮಾಡಿ.

ಹಂತ 4: ಸಾರಿನಲ್ಲಿ ಬೇಳೆ ಎಷ್ಟಿದೆ?

ಸಸ್ಯಾಹಾರಿ ಮನೆಗಳ ದೊಡ್ಡ ಕೊರತೆ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಒಬ್ಬ ಮನುಷ್ಯನಿಗೆ ದಿನಕ್ಕೆ ಒಂದು ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇರುವವರಿಗೆ 50 ಗ್ರಾಂ. ‘ನಾವು ದಿನಾ ಬೇಳೆ ಸಾರು ತಿನ್ನುತ್ತೇವಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಒಂದು ಹಿಡಿ ತೊಗರಿಬೇಳೆಯನ್ನು ಐದು ಜನರಿಗೆ ತಿಳಿಸಾರು ಮಾಡಿದರೆ ಒಬ್ಬರ ಪಾಲಿಗೆ ಬರುವುದು ಎರಡು ಗ್ರಾಂ ಪ್ರೋಟೀನ್. ಉಳಿದದ್ದು ಹುಣಸೆಹಣ್ಣು, ಸಾರಿನ ಪುಡಿ, ಒಳ್ಳೆಯ ಘಮ.

ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. 40 ಗ್ರಾಂ ಒಣ ಹೆಸರುಕಾಳು, ಹುರುಳಿಕಾಳು ಅಥವಾ ಅಲಸಂದೆಯಲ್ಲಿ ಸುಮಾರು 9 ಗ್ರಾಂ. 200 ಗ್ರಾಂ ಮೊಸರಿನಲ್ಲಿ 6. 30 ಗ್ರಾಂ ಕಡಲೆಕಾಯಿ ಬೀಜದಲ್ಲಿ 7. ಸೋಯಾ ಚಂಕ್ಸ್‌ನಲ್ಲಿ ತೂಕದ ಅರ್ಧದಷ್ಟು ಪ್ರೋಟೀನೇ ಇರುವುದರಿಂದ 20 ಗ್ರಾಂ ಒಣ ಚಂಕ್ಸ್‌ಗೆ 10 ಗ್ರಾಂ ಸಿಗುತ್ತದೆ. ಅನ್ನ, ರೊಟ್ಟಿ, ತಿಂಡಿಗಳಿಂದಲೂ ಒಂದಷ್ಟು ಬರುತ್ತದೆ. ಹಾಗಾಗಿ ಪ್ರತಿ ಊಟಕ್ಕೂ ಇವುಗಳಲ್ಲಿ ಒಂದನ್ನು ನೆನಪಿಟ್ಟು ಸೇರಿಸಿದರೆ ಪ್ರೋಟೀನ್ ಪೌಡರ್ ಡಬ್ಬ ಬೇಕಾಗುವುದಿಲ್ಲ.

ವಾರದ ದಿನಗಳಲ್ಲಿ ಕಾಳು ನೆನೆಸಲು ಮರೆತು ಹೋಗುತ್ತದೆ, ಅದೇ ದೊಡ್ಡ ಅಡ್ಡಿ. ಭಾನುವಾರ ಬೆಳಗ್ಗೆ ಮೂರು ಬಟ್ಟಲಲ್ಲಿ ಮೂರು ತರಹದ ಕಾಳು ನೆನೆಹಾಕಿ. ರಾತ್ರಿ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಸೋಮವಾರ ಮೊಳಕೆ ಇಣುಕುತ್ತದೆ. ಅಷ್ಟಕ್ಕೇ ಡಬ್ಬಕ್ಕೆ ಹಾಕಿ ಫ್ರಿಡ್ಜ್‌ನಲ್ಲಿಟ್ಟರೆ ಮೂರು ದಿನಕ್ಕೆ ಮೋಸವಿಲ್ಲ. ತಿನ್ನುವ ಮುಂಚೆ ಬೇಯಿಸಿಕೊಳ್ಳಿ, ಹೊಟ್ಟೆಗೆ ಒಳ್ಳೆಯದು. ಅಷ್ಟೂ ಆಗದಿದ್ದರೆ ಹೆಸರುಬೇಳೆ ಇದೆ. ಒಂದು ಗಂಟೆ ನೆನೆಸಿ, ಸೌತೆಕಾಯಿ ಅಥವಾ ಕ್ಯಾರೆಟ್ ತುರಿ ಹಾಕಿ, ನಿಂಬೆಹಣ್ಣು ಹಿಂಡಿದರೆ ಕೋಸಂಬರಿ. ರಾಮನವಮಿಗೆ ಮಾತ್ರ ಏಕೆ ಮಾಡುತ್ತೇವೋ ಗೊತ್ತಿಲ್ಲ.

ನಿಂಬೆರಸ ರುಚಿಗೆ ಮಾತ್ರವಲ್ಲ, ಕಾಳು ಮತ್ತು ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಇದಕ್ಕೆ ತದ್ವಿರುದ್ಧ. ಒಂದು ಗಂಟೆ ಬಿಟ್ಟು ಕುಡಿಯಿರಿ. ರಕ್ತಹೀನತೆ ಇರುವ ಹೆಂಗಸರು ಇದನ್ನು ಬಿಗಿಯಾಗಿ ಪಾಲಿಸಬೇಕು.

ಹಂತ 5: ಬೆಳಗಿನ ತಿಂಡಿ

ನಮ್ಮ ತಿಂಡಿಗಳು ಬಹುಪಾಲು ಅಕ್ಕಿ ಅಥವಾ ರವೆ. ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ಶಾವಿಗೆ. ದರ್ಶಿನಿಯಲ್ಲಿ ಚೌಚೌ ಬಾತ್ ತಿಂದರೆ ತಟ್ಟೆಯ ಎರಡೂ ಕಡೆ ರವೆಯೇ. ತಿಂದು ಎರಡು ಗಂಟೆಗೆ ಹಸಿವಾಗುವುದು ಇದಕ್ಕೇ.

ಇವುಗಳಲ್ಲಿ ಯಾವುದನ್ನೂ ಬಿಡಬೇಡಿ, ತಿದ್ದಿ. ಉಪ್ಪಿಟ್ಟಿಗೆ ರವೆಯಷ್ಟೇ ತರಕಾರಿ ಬೀಳಲಿ. ಅವಲಕ್ಕಿಗೆ ಕಡಲೆಕಾಯಿ ಬೀಜ ಧಾರಾಳವಾಗಿರಲಿ. ಇಡ್ಲಿ ಎರಡು ಸಾಕು, ಸಾಂಬಾರ್ ಎರಡು ಬಟ್ಟಲು. ಹೆಸರುಕಾಳಿನ ಪೆಸರಟ್ಟು, ಬೇಳೆಗಳ ಅಡೆ ದೋಸೆ ವಾರಕ್ಕೆರಡು ಸಲ. ಮೊಟ್ಟೆ ತಿನ್ನುವವರು ಯಾವ ತಿಂಡಿಯ ಜೊತೆಗಾದರೂ ಒಂದೆರಡು ಬೇಯಿಸಿಕೊಳ್ಳಿ. ಹಣ್ಣಿನ ಜ್ಯೂಸ್ ಬದಲು ಹಣ್ಣು. ‘ರಾಗಿ ಬಿಸ್ಕೆಟ್’, ‘ಮಲ್ಟಿಗ್ರೇನ್ ಬ್ರೆಡ್’ ಕೊಳ್ಳುವ ಮುಂಚೆ ಪ್ಯಾಕೆಟ್ ತಿರುಗಿಸಿ ನೋಡಿ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕೆಂಬ ನಿಯಮ ಇದೆ. ಮುಂದೆ ರಾಗಿ ತೆನೆಯ ಚಿತ್ರ, ಹಿಂದೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಇದ್ದರೆ ವಾಪಸ್ ಶೆಲ್ಫ್‌ಗೆ ಇಡಿ.

ಹಂತ 6: ನಡಿಗೆ, ಅದೂ ಊಟವಾದ ಮೇಲೆ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ಅದು. ಏಳು ಸಾವಿರದ ಆಸುಪಾಸಿನಲ್ಲೇ ಬಹಳಷ್ಟು ಲಾಭ ಸಿಗುತ್ತದೆ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ಈಗ ಮೂರು ಸಾವಿರ ನಡೆಯುತ್ತಿರುವವರು ನಾಲ್ಕು ಸಾವಿರಕ್ಕೆ ಹೋದರೂ ಉಪಯೋಗವಿದೆ.

ಮೊದಲ ಎರಡು ವಾರ ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಡೆಯಿರಿ. ಟೆರೇಸ್ ಆದರೂ ಸರಿ, ಆಫೀಸ್ ಕಾರಿಡಾರ್ ಆದರೂ ಸರಿ. ಊಟದ ಸಕ್ಕರೆ ರಕ್ತಕ್ಕೆ ಬರುವ ಹೊತ್ತಿಗೇ ಕಾಲಿನ ಸ್ನಾಯುಗಳು ಅದನ್ನು ಬಳಸಿಕೊಳ್ಳುತ್ತವೆ. ಬೆಳಗಿನ ಒಂದು ಗಂಟೆ ವಾಕಿಂಗ್ ಮಾಡಿ ಉಳಿದ ಹೊತ್ತೆಲ್ಲ ಕೂರುವವರು ಈ ಲಾಭ ಕಳೆದುಕೊಳ್ಳುತ್ತಾರೆ.

ಮೂರನೇ ವಾರದಿಂದ ವೇಗ ಸೇರಿಸಿ. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಎಷ್ಟು ವೇಗ ಎಂದರೆ, ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಲಾಲ್‌ಬಾಗ್‌ನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಗುಂಪು ಕಟ್ಟಿಕೊಂಡು, ರಾಜಕೀಯ ಮಾತಾಡುತ್ತಾ, ಹತ್ತು ಹೆಜ್ಜೆಗೊಮ್ಮೆ ನಿಂತು ವಾದ ಮಾಡುವವರನ್ನು ನೋಡಿರುತ್ತೀರಿ. ಅದು ಮನಸ್ಸಿಗೆ ಒಳ್ಳೆಯದು, ವ್ಯಾಯಾಮದ ಲೆಕ್ಕಕ್ಕೆ ಬರುವುದಿಲ್ಲ. ವಾಕಿಂಗ್ ಮುಗಿಸಿ ವಡೆ ತಿನ್ನುವ ಗುಂಪಿನ ಬಗ್ಗೆ ನಾನೇನೂ ಹೇಳುವುದಿಲ್ಲ.

ನಡೆಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಎಡಗೈಗೋ ದವಡೆಗೋ ನೋವು ಹರಡಿದರೆ ‘ಗ್ಯಾಸ್ ಇರಬೇಕು’ ಎಂದುಕೊಳ್ಳಬೇಡಿ. ಅಲ್ಲೇ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹಂತ 7: ಬಸ್ಕಿ

ವ್ಯಾಯಾಮ ಅಂದರೆ ನಡಿಗೆ ಎಂದಷ್ಟೇ ನಮ್ಮವರು ತಿಳಿದಿದ್ದಾರೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೂ ಇದೆ. ಊಟದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರುವುದು ಸ್ನಾಯುಗಳಿಗೆ. ವಯಸ್ಸಾದಂತೆ ಅವು ಕರಗುತ್ತಾ ಹೋಗುತ್ತವೆ, ನಡಿಗೆಯೊಂದೇ ಅದನ್ನು ತಡೆಯುವುದಿಲ್ಲ. ನೆಲದಿಂದ ಏಳುವಾಗ ಕೈ ಊರಬೇಕಾಗುತ್ತಿದೆ ಅಂದರೆ ತೊಡೆಯ ಶಕ್ತಿ ಇಳಿದಿದೆ ಎಂದರ್ಥ.

ಗರಡಿ ಮನೆಯಲ್ಲಿ ಪೈಲ್ವಾನರು ದಂಡ, ಬಸ್ಕಿ ಹೊಡೆಯುತ್ತಾರೆ. ಶಾಲೆಯಲ್ಲಿ ನಮಗೆ ಅದೇ ಬಸ್ಕಿ ಶಿಕ್ಷೆಯಾಗಿತ್ತು. ಬಹುಶಃ ಅದಕ್ಕೇ ದೊಡ್ಡವರಾದ ಮೇಲೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಕುರ್ಚಿಯಿಂದ ಶುರುಮಾಡೋಣ.

ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಅಂಚಿನಲ್ಲಿ ಕೂತು, ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಉಸಿರು ಬಿಡುತ್ತಾ ಎದ್ದು ನಿಲ್ಲಿ. ಕೂರುವಾಗ ಧೊಪ್ಪನೆ ಬೀಳಬಾರದು. ಒಂದು, ಎರಡು, ಮೂರು ಎಣಿಸುತ್ತಾ ಹಿಂಭಾಗವನ್ನು ಹಿಂದಕ್ಕೆ ತಳ್ಳಿ ನಿಧಾನವಾಗಿ ಇಳಿಯಿರಿ. ಹಿಮ್ಮಡಿ ನೆಲ ಬಿಡಬಾರದು, ಮಂಡಿಗಳು ಒಳಕ್ಕೆ ವಾಲಬಾರದು. ಎಂಟು ಸಲ ಮಾಡಿ, ಒಂದು ನಿಮಿಷ ಸುಧಾರಿಸಿಕೊಳ್ಳಿ, ಮತ್ತೆ ಎಂಟು. ಕೊನೆಯ ಎರಡು ಸ್ವಲ್ಪ ಕಷ್ಟವಾಗಬೇಕು. 12ರಂತೆ ಮೂರು ಸುತ್ತು ಸಲೀಸಾಗಿ ಆದಾಗ ಕುರ್ಚಿ ಮುಟ್ಟಿ ಏಳಿ, ಕೂರಬೇಡಿ. ಆಮೇಲೆ ಐದು ಕಿಲೋ ಅಕ್ಕಿ ಚೀಲವನ್ನು ಎದೆಗೆ ಅವಚಿಕೊಂಡು ಮಾಡಿ.

ದಂಡಕ್ಕೂ ಇದೇ ದಾರಿ. ಮೊದಲು ಗೋಡೆಗೆ ಕೈ ಇಟ್ಟು ತಳ್ಳುವುದು, ನಂತರ ಅಡುಗೆ ಕಟ್ಟೆಗೆ, ನಂತರ ನೆಲದಲ್ಲಿ ಮಂಡಿ ಊರಿ. ಬೆನ್ನಿಗೆ, ಒಂದು ಕೈಯನ್ನು ಮೇಜಿಗೆ ಊರಿ ಬಗ್ಗಿ, ಇನ್ನೊಂದು ಕೈಯಲ್ಲಿ ತುಂಬಿದ ಚೀಲವನ್ನು ಪಕ್ಕೆಯವರೆಗೆ ಎಳೆಯಿರಿ. ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧಾಸನ ಸೊಂಟ ನೋವಿರುವ ಬಹಳ ಜನರಿಗೆ ಹಿಡಿಸುತ್ತದೆ. ಈ ನಾಲ್ಕಕ್ಕೆ ಇಪ್ಪತ್ತೈದು ನಿಮಿಷ ಸಾಕು. ಸೋಮವಾರ, ಗುರುವಾರ ಎಂದು ಗೊತ್ತು ಮಾಡಿಕೊಳ್ಳಿ. ಸೂರ್ಯ ನಮಸ್ಕಾರ ಮಾಡುವವರು ಬಿಡಬೇಡಿ, ಆದರೆ ಚೀಲ ಎಳೆಯುವುದನ್ನು ಸೇರಿಸಿಕೊಳ್ಳಿ. ಅದರಲ್ಲಿ ಎಳೆಯುವ ಕೆಲಸ ಇಲ್ಲ.

ಮಾರನೇ ದಿನ ತೊಡೆ ಹಿಡಿದುಕೊಂಡರೆ ಅದು ಸಹಜ, ಎರಡು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಮಾತ್ರ ನಿಲ್ಲಿಸಿ, ಎತ್ತರದ ಕುರ್ಚಿ ತೆಗೆದುಕೊಳ್ಳಿ.

ಹಂತ 8: ಹಬ್ಬ, ಮದುವೆ, ನೈಟ್ ಶಿಫ್ಟ್

ಯುಗಾದಿಗೆ ಹೋಳಿಗೆ ತಿನ್ನಿ. ಎರಡು ತಿನ್ನಿ, ತುಪ್ಪ ಹಾಕಿಕೊಳ್ಳಿ. ತೊಂದರೆ ಇರುವುದು ಹಬ್ಬ ಕಳೆದು ನಾಲ್ಕು ದಿನವಾದರೂ ಡಬ್ಬದಲ್ಲಿ ಉಳಿಯುವ ಕಜ್ಜಾಯ, ಚಕ್ಕುಲಿಗಳಲ್ಲಿ. ಹಂಚಿಬಿಡಿ. ತಪ್ಪಿದ ದಿನದ ಮರುದಿನ ಉಪವಾಸ ಮಾಡಿ ಸರಿದೂಗಿಸಲು ಹೋಗಬೇಡಿ, ಮಾಮೂಲಿ ಊಟಕ್ಕೆ ಮರಳಿ.

ನೈಟ್ ಶಿಫ್ಟ್‌ನವರು ದೊಡ್ಡ ಊಟವನ್ನು ಶಿಫ್ಟ್‌ಗೆ ಮುಂಚೆ ಮುಗಿಸಿ, ನಡುರಾತ್ರಿ ಬಿರಿಯಾನಿ ಬದಲು ಮೊಟ್ಟೆ, ಮೊಸರು, ಹುರಿಗಡಲೆಯಂಥದ್ದನ್ನು ಇಟ್ಟುಕೊಳ್ಳಿ. ಏಳು ಗಂಟೆ ನಿದ್ದೆ ಯಾರಿಗೂ ತಪ್ಪಬಾರದು. ನಿದ್ದೆಗೆಟ್ಟ ಮರುದಿನ ಬೇಕರಿಯ ಎದುರು ಕಾಲು ತಾನಾಗಿ ನಿಲ್ಲುತ್ತದೆ.

ಹಂತ 9: 12ನೇ ವಾರ

ಒಂದೇ ಸಲಕ್ಕೆ ಎಲ್ಲವನ್ನೂ ಶುರುಮಾಡಬೇಡಿ. ಮೊದಲ ಎರಡು ವಾರ ಅಳತೆ, ಕಾಫಿಯ ಸಕ್ಕರೆ, ಊಟದ ನಂತರದ ನಡಿಗೆ. ಮೂರು, ನಾಲ್ಕನೇ ವಾರ ಮಧ್ಯಾಹ್ನದ ತಟ್ಟೆ ಮತ್ತು ಬಿರುಸಿನ ನಡಿಗೆ. ಐದರಿಂದ ಬಸ್ಕಿ ಮತ್ತು ಕಾಳು. ಏಳರಿಂದ ತಿಂಡಿ ತಿದ್ದುವುದು. ಆಮೇಲಿನದ್ದೆಲ್ಲ ಅದನ್ನೇ ಮುಂದುವರಿಸುವುದು.

12 ವಾರವಾದ ಮೇಲೆ ಸೊಂಟ, ಬಿಪಿ, ಎಚ್‌ಬಿಎ1ಸಿ ಮತ್ತೆ ನೋಡಿಸಿ. ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುವುದರಿಂದ ಅದಕ್ಕೂ ಮುಂಚೆ ಮಾಡಿಸಿದರೆ ದುಡ್ಡು ದಂಡ. ತೂಕ ಒಂದೆರಡು ಕಿಲೋ ಮಾತ್ರ ಇಳಿದಿದೆ ಎಂದು ಬೇಸರ ಬೇಡ. 2006ರಲ್ಲಿ ಪ್ರಕಟವಾದ ಚೆನ್ನೈನ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಮ್‌ನಲ್ಲಿ ಊಟ ತಿದ್ದಿಕೊಂಡು ಓಡಾಡಿದವರ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೂ ಅವರಲ್ಲಿ ಹೊಸ್ತಿಲಿಂದ ಕಾಯಿಲೆಗೆ ಜಾರುವ ಅಪಾಯ 28.5% ಕಡಿಮೆಯಾಯಿತು. ಮಾತ್ರೆ ಕೊಟ್ಟ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಫಲ ಬಂದಿತ್ತು.

ಸಕ್ಕರೆ, ಬಿಪಿ ಇಳಿದಿದ್ದರೆ ಖುಷಿಯಲ್ಲಿ ನೀವೇ ಮಾತ್ರೆ ನಿಲ್ಲಿಸಬೇಡಿ, ರಿಪೋರ್ಟ್ ಹಿಡಿದು ವೈದ್ಯರಲ್ಲಿಗೆ ಹೋಗಿ, ಡೋಸ್ ಅವರು ನೋಡುತ್ತಾರೆ. ಎಲ್ಲ ಸರಿಯಾಗಿ ಮಾಡಿಯೂ ಏನೂ ಬದಲಾಗಿಲ್ಲ ಅನ್ನುವವರು ಮೊದಲು ಸಂಜೆ ಐದರಿಂದ ಎಂಟು ಗಂಟೆಯ ನಡುವೆ ಏನು ತಿನ್ನುತ್ತಿದ್ದೀರಿ ಎಂದು ಒಂದು ವಾರ ಬರೆದು ನೋಡಿ, ಸಾಮಾನ್ಯವಾಗಿ ಉತ್ತರ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.